ವೈಟ್‌ಫಿಶ್ ಪಾಯಿಂಟಿಗೆ ಹೊರಟವರಿಗೆ

ಡೆಟ್ರಾಯಿಟ್ ಕಡೆಯ ಕನ್ನಡದವರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದರೆ ನಯಾಗರ ಒಂದು, ಷಿಕಾಗೊ ಒಂದು, ಅಲ್ಲಿಗೆ ಮುಗಿಯಿತು. ಈ ಸಲ ಗೆಳೆಯನೊಬ್ಬ ಅವರನ್ನು ಉತ್ತರಕ್ಕೆ, ಸೂಪೀರಿಯರ್ ಸರೋವರದ ದಡದ ಹಡಗುದುರಂತ ಮ್ಯೂಸಿಯಂಗೆ ಕರೆದೊಯ್ಯಬೇಕೆಂದಿದ್ದಾನೆ. "ಅಷ್ಟು ದೂರ ಹೋಗೋದಕ್ಕೆ ಲಾಯಕ್ಕಾ?" ಎಂದು ಕೇಳಿದ. ಖಂಡಿತ ಲಾಯಕ್ಕು. ಅರ್ಧ ಗಂಟೆಯಲ್ಲಿ ಫೋಟೊ ಹೊಡೆದು ವಾಪಸಾಗುವ ಪೈಕಿಯಾದರೆ ಮಾತ್ರ ಬೇಡ.

ಮ್ಯಾಕಿನಾ ಸೇತುವೆಯ ತನಕ ಬರೀ ಹೆದ್ದಾರಿ. ದಾಟಿದ ಮೇಲೆ ಕಾಡು. ಬಸ್ಸು ಗಿಸ್ಸು ಇಲ್ಲ, ಸ್ವಂತ ಗಾಡಿಯೇ ಗತಿ. ಸಿಗ್ನಲ್ಲನ್ನು ನಂಬದೆ ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಪ್ಯಾರಡೈಸ್ ಎಂಬ ಪುಟ್ಟ ಊರಿನಿಂದ ಮುಂದೆ 11 ಮೈಲಿ. ರಸ್ತೆ ನೀರಿನ ಬಳಿ ಮುಗಿಯುತ್ತದೆ, ಅದೇ ವೈಟ್‌ಫಿಶ್ ಪಾಯಿಂಟ್. ಮ್ಯೂಸಿಯಂ ತೆರೆದಿರುವುದು ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ. ನಾವು ಹೋದಾಗ ಟಿಕೆಟ್ ತಲೆಗೆ ಹದಿನೈದು ಡಾಲರಿನ ಆಸುಪಾಸು ಇತ್ತು, ಈಗ ಏರಿರಬಹುದು.

ಊಟದ ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಬುತ್ತಿ ಕಟ್ಟಿಕೊಂಡೇ ಹೋಗಿ. ದಾರಿಯ ಹೋಟೆಲೊಂದರಲ್ಲಿ ತರಕಾರಿ ಸೂಪ್ ಎಂದು ಕೊಟ್ಟದ್ದು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದು. ಕೇಳಿದರೆ, ಕೋಳಿ ತುಂಡು ಇಲ್ಲವಲ್ಲ ಎಂದರು! ಅಮ್ಮ ಅಲ್ಲಿಂದ ಮುಂದೆ ಇಡೀ ದಿನ ಚಿಪ್ಸ್ ತಿಂದೇ ಕಳೆದರು. ಪುಳಿಯೋಗರೆ, ಚಪಾತಿ, ಉಪ್ಪಿನಕಾಯಿ ಇದ್ದರೆ ನೀವೇ ರಾಜರು.

ಕರ್ನಾಟಕದ ಐದರಲ್ಲಿ ಎರಡು ಪಾಲಿನಷ್ಟು ಹರವಿರುವ ಸರೋವರ ಇದು, ಸುಮಾರು 82,000 ಚದರ ಕಿಲೋಮೀಟರ್. ಹಡಗುಗಳನ್ನು ಏರಿಳಿಸುವ ಸೂ ಲಾಕ್ಸ್ ಕಡೆಗೆ ಹೋಗುವ, ಅಲ್ಲಿಂದ ಬರುವ ಹಡಗುಗಳೆಲ್ಲ ಈ ಮೂಲೆಯನ್ನು ಸುತ್ತಲೇಬೇಕು. ವಾಯವ್ಯದ ಗಾಳಿಗೆ ನೂರಾರು ಮೈಲಿ ಬಯಲು ನೀರು. ಅಲೆ ಬೆಳೆದೂ ಬೆಳೆದೂ ಇಲ್ಲಿಗೆ ಬಂದು ಅಪ್ಪಳಿಸುತ್ತದೆ. ಮೇಲೆ ಮಂಜು. ಈ ಮೂಲೆಯ ಸುತ್ತ ಇನ್ನೂರಕ್ಕೂ ಹೆಚ್ಚು ಹಡಗು ಮುಳುಗಿವೆ. ಹಡಗುಗಳಿಗೆ ದಾರಿ ತೋರುವ ದೀಪ ಇಲ್ಲಿ ಮೊದಲು ಹೊತ್ತಿದ್ದು 1849ರಲ್ಲಿ. ಕಬ್ಬಿಣದ ಕಾಲುಗಳ ಮೇಲೆ ನಿಂತ ಈಗಿನ ಬಿಳಿ ಗೋಪುರ 1861ರದು. ಗೋಪುರ ಹತ್ತಲು ಬಿಡುತ್ತಾರೋ ಇಲ್ಲವೋ ಟಿಕೆಟ್ ಕೌಂಟರಿನಲ್ಲೇ ಕೇಳಿ.

ಮ್ಯೂಸಿಯಂ ಒಳಗೆ ಕಳೆಯುವ ಸಮಯದಲ್ಲಿ ಅರ್ಧವನ್ನು ಎಡ್ಮಂಡ್ ಫಿಟ್ಜೆರಾಲ್ಡ್ ಹಡಗಿನ ಗಂಟೆಗೇ ಕೊಡಿ. ಕಬ್ಬಿಣದ ಅದಿರಿನ ಉಂಡೆಗಳನ್ನು ಹೇರಿಕೊಂಡು ಹೊರಟ 729 ಅಡಿಯ ಹಡಗು, 1975ರ ನವೆಂಬರ್ 10ರ ಬಿರುಗಾಳಿಯಲ್ಲಿ ಇಲ್ಲಿಂದ 17 ಮೈಲಿ ದೂರದಲ್ಲಿ ಮುಳುಗಿತು. ಆ ಸಂಜೆ ಈ ಗೋಪುರದ ದೀಪವೂ ರೇಡಿಯೊ ಸಂಕೇತವೂ ಕೈಕೊಟ್ಟಿದ್ದವು. ಹಿಂದೆ ಬರುತ್ತಿದ್ದ ಆರ್ಥರ್ ಆ್ಯಂಡರ್ಸನ್ ಹಡಗಿನವರು ಹೇಗಿದ್ದೀರಿ ಎಂದು ರೇಡಿಯೊದಲ್ಲಿ ವಿಚಾರಿಸಿದರೆ, ಫಿಟ್ಜೆರಾಲ್ಡಿನ ಕ್ಯಾಪ್ಟನ್ ಮೆಕ್‌ಸಾರ್ಲಿ ಹೇಗೋ ತಡೆದುಕೊಂಡಿದ್ದೇವೆ ಎಂದರಂತೆ. ಕೆಲವೇ ನಿಮಿಷದಲ್ಲಿ ರೇಡಾರಿನಿಂದಲೇ ಮಾಯ. ಇಪ್ಪತ್ತೊಂಬತ್ತು ಜನರಲ್ಲಿ ಒಬ್ಬರ ದೇಹವೂ ದಡ ಸೇರಲಿಲ್ಲ. ಕಾರಣ ಏನೆಂದು ಇವತ್ತಿಗೂ ವಾದ ನಡೆದೇ ಇದೆ.

ಮಡಿದವರ ಮನೆಯವರ ಕೋರಿಕೆಯಂತೆ 1995ರಲ್ಲಿ 530 ಅಡಿ ಆಳದಿಂದ ಗಂಟೆಯನ್ನು ಮೇಲೆತ್ತಿ, ಅದರ ಜಾಗದಲ್ಲಿ ಸತ್ತವರ ಹೆಸರು ಕೆತ್ತಿದ ಹೊಸ ಗಂಟೆ ಇಟ್ಟು ಬಂದರು. ಹಳೆಯದನ್ನು ಉಜ್ಜಿ ಹೊಳಪು ಬರಿಸಿದ್ದಾರೆ, ಕಂಚಿನ ಮೇಲೆ ಹಡಗಿನ ಹೆಸರು ಓದಬಹುದು. ಪ್ರತಿ ನವೆಂಬರ್ 10ರಂದು ಅದನ್ನು ಒಬ್ಬೊಬ್ಬರಿಗೆ ಒಂದರಂತೆ 29 ಸಲ, ಮಹಾಸರೋವರಗಳಲ್ಲಿ ಮಡಿದ ಉಳಿದವರೆಲ್ಲರಿಗಾಗಿ ಇನ್ನೊಂದು ಸಲ ಬಾರಿಸುತ್ತಾರೆ. ಗಂಟೆ ಎತ್ತಿದ ಕಿರುಚಿತ್ರ ಬಿಡಬೇಡಿ. ಉಡುಗೊರೆ ಅಂಗಡಿಯನ್ನು ಧಾರಾಳವಾಗಿ ಬಿಡಬಹುದು.

ದಡದಲ್ಲಿ ನಡೆಯಲೇಬೇಕು, ಆದರೆ ಬೇಸಿಗೆಯಲ್ಲಿ ಕಾಲ್ಚೀಲ, ಉದ್ದ ಪ್ಯಾಂಟು ಹಾಕಿ. ಮನೆನೊಣದಂತೆಯೇ ಕಾಣುವ ಒಂದು ನೊಣ ಹುಡುಕಿ ಹುಡುಕಿ ಹರಡಿಗೇ ಕಚ್ಚುತ್ತದೆ. ಸೀರೆಯೊಳಗೂ ಬಿಡುವುದಿಲ್ಲ. ಜುಲೈನಲ್ಲೂ ಸ್ವೆಟರ್ ಇರಲಿ.

ಹತ್ತಿರದ ಟಕ್ವಾಮೆನಾನ್ ಜಲಪಾತದ ನೀರು ಕಾಡಿನ ಮರಗಳ ಒಗರು ಇಳಿದು ಡಿಕಾಕ್ಷನ್ ಬಣ್ಣದ್ದು. ಜೋಗ ನೋಡಿದವರಿಗೆ ಎತ್ತರ ಏನೂ ಅನ್ನಿಸದು. ಅದಕ್ಕಿಂತ ಸೂ ಸೇಂಟ್ ಮರಿಯಲ್ಲಿ ಒಂದು ರಾತ್ರಿ ಉಳಿಯಿರಿ. ಅಲ್ಲಿ ವ್ಯಾಲಿ ಕ್ಯಾಂಪ್ ಎಂಬ ಹಳೆಯ ಹಡಗಿನೊಳಗೆ ಫಿಟ್ಜೆರಾಲ್ಡಿನ ಎರಡು ಲೈಫ್‌ಬೋಟುಗಳಿವೆ, ನಜ್ಜುಗುಜ್ಜಾದ ಸ್ಥಿತಿಯಲ್ಲಿ. ಊರೊಳಗೆ ಹೋಗುವಾಗ ಮಾತ್ರ ಎಚ್ಚರ: ಹೆದ್ದಾರಿ ನೇರ ಕೆನಡಾದ ಸೇತುವೆಗೆ ಏರುತ್ತದೆ, ಕೊನೆಯ ಎಕ್ಸಿಟ್ ತಪ್ಪಿಸಿಕೊಂಡರೆ ಕೆನಡಾ ವೀಸಾ ಇಲ್ಲದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಗಡಿಯ ಅಧಿಕಾರಿಗೆ ಉತ್ತರ ಹೇಳಬೇಕಾದೀತು.