ಮೆಣಸಿನ ಬಳ್ಳಿಯ ಬುಡ ನೋಡಿ, ಆಮೇಲೆ ಲೆಕ್ಕ ಹಾಕಿ

ಅಡಿಕೆಯೊಂದನ್ನೇ ನಂಬಿದ ತೋಟಕ್ಕೆ ಎರಡನೇ ಆದಾಯವೆಂದರೆ ಮಲೆನಾಡಿನಲ್ಲಿ ಮೊದಲು ನೆನಪಾಗುವುದು ಕಾಳುಮೆಣಸು. ಹೊಸ ಜಾಗ ಬೇಡ, ಮರ ಹೇಗೂ ಇದೆ. ಚೆನ್ನಾಗಿ ಒಣಗಿಸಿಟ್ಟರೆ ದರ ಬಂದಾಗ ಮಾರಬಹುದು. ಆದರೆ ಮೂರು ವರ್ಷ ಸಾಕಿದ ಬಳ್ಳಿ ಫಸಲು ಹಿಡಿಯುವ ಹೊತ್ತಿಗೆ ಒಂದೇ ಮಳೆಗಾಲದಲ್ಲಿ ಸತ್ತುಹೋಯಿತು ಎಂದು ಫೋನು ಮಾಡುವವರು ಪ್ರತಿವರ್ಷ ಇದ್ದಾರೆ.

ಮೊದಲು ತಳಿ. ಪಣಿಯೂರು-1 ಎಲ್ಲರ ಬಾಯಲ್ಲಿದೆ, ಆದರೆ ಅದಕ್ಕೆ ಬೆಳಕು ಬೇಕು. ದಟ್ಟ ನೆರಳಿನ ತೋಟಕ್ಕೆ ಕರಿಮುಂಡ ವಾಸಿ. ಸೊರಗು ರೋಗದ ಭಯವಿದ್ದರೆ ತೇವಂ, ಶಕ್ತಿ ತಳಿಗಳನ್ನು ವಿಚಾರಿಸಿ. ಬೇರು ಬಂದ ಗಿಡವನ್ನು ಮುಂಗಾರು ಹಿಡಿದ ಮೇಲೆ ಮರದ ಉತ್ತರಕ್ಕೆ, ಬುಡದಿಂದ ಸುಮಾರು ಎರಡು ಅಡಿ ದೂರದಲ್ಲಿ ನೆಟ್ಟು, ಬೆಳೆದಂತೆ ಮರಕ್ಕೆ ಕಟ್ಟುತ್ತ ಹೋಗಿ.

ಇನ್ನು ಬಳ್ಳಿ ಸಾಯುವ ವಿಷಯ. ಸೊರಗು ರೋಗದ ರೋಗಾಣು ಇರುವುದು ಮಣ್ಣಿನಲ್ಲಿ, ಹರಡುವುದು ನೀರಿನಲ್ಲಿ. ನೆಲದ ಮೇಲೆ ಹರಿದ ಹಬ್ಬುಬಳ್ಳಿಯೇ ಅದಕ್ಕೆ ಏಣಿ. ಮಳೆಹನಿಗೆ ಸಿಡಿದ ಕೆಸರು ಎಳೆ ಎಲೆಗೆ ತಾಗುತ್ತದೆ. ಅಂಚಿನಲ್ಲಿ ನೂಲು ಬಿಟ್ಟಂತಿರುವ ಕಪ್ಪು ಮಚ್ಚೆ ಕಂಡಿತೆಂದರೆ ರೋಗ ಬಂದಾಯಿತು. ಬಹಳ ಜನ ಎಲೆ ಹಳದಿಯಾಗಿ ಉದುರುವವರೆಗೆ ಕಾಯುತ್ತಾರೆ. ಅಷ್ಟರಲ್ಲಿ ಬುಡ ಕೊಳೆತಿರುತ್ತದೆ, ಔಷಧಿ ಸುರಿದು ಫಲವಿಲ್ಲ.

ಹಾಗಾಗಿ ಮೇ ತಿಂಗಳಲ್ಲೇ ಹಬ್ಬುಬಳ್ಳಿ ಕತ್ತರಿಸಿ, ಇಲ್ಲವೇ ಎತ್ತಿ ಕಟ್ಟಿ. ಬಸಿಗಾಲುವೆಯ ಹೂಳು ತೆಗೆಸಿ. ಮಳೆ ಜೋರಾಗುವ ಮೊದಲು ಶೇ 1ರ ಬೋರ್ಡೋ ಹೊಡೆಯಿರಿ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಆಗಸ್ಟ್‌ನಲ್ಲಿ ಹೊಳವು ಸಿಕ್ಕಾಗ ಇನ್ನೊಮ್ಮೆ. ಬುಡಕ್ಕೆ ಟ್ರೈಕೋಡರ್ಮ ಬೆರೆಸಿದ ಗೊಬ್ಬರ ಕೊಡುವವರು ತಾಮ್ರದ ಔಷಧಿಯನ್ನು ಅದೇ ವಾರ ಬುಡಕ್ಕೆ ಸುರಿಯಬೇಡಿ. ಜೀವಾಣು ಸಾಯುತ್ತದೆ, ಹಣವೂ ಹೋಗುತ್ತದೆ.

ಮಳೆಗಾಲದಲ್ಲಿ ಬಳ್ಳಿಯ ಬುಡಕ್ಕೆ ಗುದ್ದಲಿ ತಾಗಿಸಲೇಬೇಡಿ. ಒಮ್ಮೆ ಜುಲೈನಲ್ಲಿ ನಮ್ಮ ತೋಟದ ಕೆಳಸಾಲಿನ ಕಳೆ ಕೆತ್ತಿಸಿದೆ. ಗುದ್ದಲಿ ಆಡಿದ ಕಡೆಯಲ್ಲೆಲ್ಲ ಬೇರು ಗಾಯವಾಗಿತ್ತು. ದಸರೆಯೊಳಗೆ ಆ ಸಾಲಿನ ಹನ್ನೊಂದು ಬಳ್ಳಿ ಕಿತ್ತು ಸುಟ್ಟೆವು, ಕೆತ್ತದ ಮೇಲಿನ ಸಾಲು ಹಸಿರಾಗಿಯೇ ಇತ್ತು. ಈಗ ಕಳೆಯನ್ನು ಕತ್ತಿಯಲ್ಲಿ ಸವರಿಸುತ್ತೇನೆ, ಅಷ್ಟೇ.

ಕೊಯ್ಲು: ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ. ಬಿಡಿಸಿದ ಕಾಳನ್ನು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬೇಗ ಒಣಗಿ ಒಂದೇ ಸಮ ಕಪ್ಪಾಗುತ್ತದೆ. ಸಗಣಿ ಸಾರಿಸಿದ ಅಂಗಳ ಬೇಡ, ಟಾರ್ಪಾಲು ಹಾಸಿ. ಹಸಿ ಮೂರು ಕೆ.ಜಿ.ಗೆ ಒಣಮೆಣಸು ಸುಮಾರು ಒಂದು ಕೆ.ಜಿ.