ಹಳೆಯ ಕಟ್ಟಡದಲ್ಲಿ ಹೊಸ ಪಾಠ: ಓದುಗರ ಪ್ರಶ್ನೆ, ವಾಸ್ತುಶಿಲ್ಪಿಯ ಉತ್ತರ

ಪ್ರಶ್ನೆ: ನಮ್ಮ ಕಾಲೇಜಿನದು ನಿಜಾಮರ ಕಾಲದ ಕಲ್ಲಿನ ಕಟ್ಟಡ. ಕೆಲವು ವರ್ಷಗಳ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಈಗ ಮೊಣಕಾಲೆತ್ತರಕ್ಕೆ ಸವಳು ಹತ್ತಿ, ಬಣ್ಣ ಹಪ್ಪಳದಂತೆ ಏಳುತ್ತಿದೆ. ಮತ್ತೆ ಪ್ಲಾಸ್ಟರ್ ಮಾಡಿಸಬೇಕೆ?
– ಓದುಗರು, ಆಳಂದ

ಉತ್ತರ: ಬೇಡವೇ ಬೇಡ. ಇರುವ ಸಿಮೆಂಟನ್ನೂ ಹುಷಾರಾಗಿ ಕೆತ್ತಿ ತೆಗೆಸಿ. ಅಂಥ ಕಟ್ಟಡಗಳ ಬುನಾದಿಯಲ್ಲಿ ಸಾಮಾನ್ಯವಾಗಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ಪಸೆ ಗೋಡೆಗೆ ಏರುತ್ತದೆ, ಹಳೆಯ ಸುಣ್ಣದ ಗಚ್ಚು ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಆ ದಾರಿಯನ್ನೇ ಮುಚ್ಚಿದೆ. ಪಸೆಯೊಂದಿಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ಹೊರದಬ್ಬುತ್ತಿದೆ. ಗೋಡೆಯನ್ನು ಕೆಲ ತಿಂಗಳು ಬರಿದಾಗಿ ಒಣಗಲು ಬಿಡಿ. ಆಮೇಲೆ ಚೆನ್ನಾಗಿ ನೆನೆದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಜೊತೆಗೆ ಒಂದಿಷ್ಟು ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿ ಅರೆದ ಗಾರೆ ಬಳಿಸಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಗಾರೆ ಬೇಗ ಒಣಗಿ ಪುಡಿಯಾಗುತ್ತದೆ. ದೀಪಾವಳಿ ಮುಗಿದ ಮೇಲೆ ಕೆಲಸ ಹಿಡಿದು, ಒದ್ದೆ ಗೋಣಿ ಹೊದಿಸಿಡಿ. ಮೇಲೆ ಆಯಿಲ್ ಪೇಂಟ್ ಬೇಡ, ಸುಣ್ಣವೇ ಸಾಕು.

ಪ್ರಶ್ನೆ: ಮಹಡಿಯ ಸಭಾಂಗಣದಲ್ಲಿ ಗ್ರಂಥಾಲಯ, ಕಂಪ್ಯೂಟರ್ ಕೋಣೆ ಮಾಡಬಹುದೆ?
– ಓದುಗರು, ಅಫಜಲಪುರ

ಉತ್ತರ: ಪುಸ್ತಕದ ಕಪಾಟುಗಳು ಕೆಳಗಿರಲಿ. ತರಗತಿಯ ನೆಲ ಚದರ ಮೀಟರಿಗೆ ಸುಮಾರು 300 ಕೆ.ಜಿ. ಹೊರಬೇಕು, ಪುಸ್ತಕ ಪೇರಿಸಿದ ಕೋಣೆಯದು ಕನಿಷ್ಠ 600 ಎನ್ನುತ್ತದೆ ಭಾರತೀಯ ಮಾನಕ. ಹಳೆಯ ಸಾಗವಾನಿ ತೊಲೆಗಳ ಮೇಲೆ ಆ ಭಾರ ಹೇರಬೇಡಿ. ಕಂಪ್ಯೂಟರಿನ ವೈರಿಂಗಿಗೆ ಗೋಡೆ ಕೊರೆಯದೆ, ಹೊರಗಿಂದಲೇ ಪೈಪಿನಲ್ಲಿ ಒಯ್ಯಿರಿ.

ಪ್ರಶ್ನೆ: ಶಾಲೆಯ ಗೋಡೆ ಬಿರುಕು ಬಿಟ್ಟಿದೆ. ಕೆಡವಿ ಹೊಸದು ಕಟ್ಟುವುದೇ ಸರಿ ಎನ್ನುತ್ತಾರೆ.
– ಓದುಗರು, ಜೇವರ್ಗಿ

ಉತ್ತರ: ಗೋಡೆ ಉಬ್ಬಿದ್ದರೆ ಅಥವಾ ವಾಲಿದ್ದರೆ ಇಂದೇ ಮಕ್ಕಳನ್ನು ಬೇರೆ ಕಡೆ ಕೂರಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಹಾಗಿಲ್ಲದಿದ್ದರೆ ಕೆಡವಲು ಅವಸರ ಬೇಡ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಗೋಡೆಯೂ ಅದರೊಡನೆ ಅಲುಗುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಗಾಜು ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಅಷ್ಟರಲ್ಲಿ ಮಾಳಿಗೆಯ ನೀರು ಬುನಾದಿಗೆ ಬೀಳದಂತೆ ದೂರ ಹರಿಸಿ.

ಮಾಳಿಗೆಯ ನೀರನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಜಯಲಕ್ಷ್ಮಿವಿಲಾಸ ನೋಡಿ. 1905ರ ಅರಮನೆ, 1959ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪಾಲಾಗಿ, ಮುಂದೆ ಜಾನಪದ ವಸ್ತುಸಂಗ್ರಹಾಲಯವಾಯಿತು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿಯಾದ ಮೇಲೂ ಮಳೆನೀರು ಸೋರಿ ಮತ್ತೆ ಶಿಥಿಲಗೊಂಡಿತು. ಅದಕ್ಕೇ ದುರಸ್ತಿಗೆ ಅನುದಾನ ಕೇಳುವುದಾದರೆ ಅರ್ಜಿಯಲ್ಲಿ, ಪ್ರತಿವರ್ಷ ಮಳೆಗೆ ಮೊದಲು ಮಾಳಿಗೆ ಹತ್ತಿ ಹರನಾಳಿಗೆ ಬಳಿಸುವ ಖರ್ಚನ್ನೂ ಸೇರಿಸಿ.