ಸ್ಪ್ರಿಂಗ್‌ಟೇಲ್: ಒದ್ದೆ ಮನೆಯ ಜಿಗಿಹುಳು

ಪ್ರಶ್ನೆ: ಮಳೆಗಾಲದಲ್ಲಿ ಬಚ್ಚಲ ಗೋಡೆ, ಸಿಂಕಿನ ಅಂಚು, ಹೂಕುಂಡದ ತಟ್ಟೆಯಲ್ಲಿ ಕಾಣಿಸಿಕೊಂಡು, ಮುಟ್ಟಹೋದರೆ ಚಿಮ್ಮಿ ಮಾಯವಾಗುವ ಪುಟ್ಟ ಹುಳುಗಳು ಯಾವುವು?

ಉತ್ತರ: ಇವು ಹೆಚ್ಚಾಗಿ ಸ್ಪ್ರಿಂಗ್‌ಟೇಲ್‌ಗಳು. ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್ ಉದ್ದ. ಬಣ್ಣ ಬಿಳಿ, ಬೂದು, ಕಂದು ಅಥವಾ ಕಡುನೀಲಿ. ರೆಕ್ಕೆಯಿಲ್ಲ. ಕಾಲು ಆರೇ ಇದ್ದರೂ ಬಾಯಿಯ ಭಾಗಗಳು ತಲೆಯೊಳಗೆ ಅಡಗಿರುವುದೇ ಮೊದಲಾದ ಕಾರಣಗಳಿಂದ ಇಂದಿನ ಪ್ರಾಣಿಶಾಸ್ತ್ರ ಇವನ್ನು ಕೀಟಗಳಿಂದ ಬೇರ್ಪಡಿಸಿ ಕೊಲೆಂಬೊಲ ಎಂಬ ಗುಂಪಿನಲ್ಲಿಟ್ಟಿದೆ. ಸ್ಕಾಟ್‌ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಇವುಗಳ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ ವಯಸ್ಸು. ನೆಲದ ಮೇಲಿನ ಹಳೆಯ ನಿವಾಸಿಗಳ ಸಾಲಿಗೆ ಸೇರಿದ ಜೀವಿ ಇದು.

ಜಿಗಿತದ ಗುಟ್ಟು ಹೊಟ್ಟೆಯಡಿ ಮಡಚಿಕೊಂಡಿರುವ ಕವಲುಬಾಲದಲ್ಲಿದೆ. ಒಂದು ಪುಟ್ಟ ಕೊಂಡಿ ಅದನ್ನು ಬಿಗಿಹಿಡಿದಿರುತ್ತದೆ. ಅಪಾಯದ ಸುಳಿವು ಸಿಕ್ಕಾಗ ಕೊಂಡಿ ಕಳಚಿ, ಬಾಲ ನೆಲಕ್ಕೆ ಬಡಿದು, ಹುಳು ತನ್ನ ಮೈಯುದ್ದದ ಹಲವು ಪಟ್ಟು ದೂರಕ್ಕೆ ಎಸೆಯಲ್ಪಡುತ್ತದೆ. ಮಣ್ಣಿನಾಳದಲ್ಲೇ ಬದುಕುವ ಕೆಲವು ಜಾತಿಗಳಿಗೆ ಈ ಬಾಲವಿಲ್ಲ. ಅವು ಬರೀ ನಡೆದಾಡುತ್ತವೆ.

ಮನೆಯವರಿಗೆ ಜಿಗಿತಕ್ಕಿಂತ ಮುಖ್ಯವಾದ ಸಂಗತಿ ಇದರ ತೆಳುಚರ್ಮ. ಹೆಚ್ಚಿನ ಜಾತಿಗಳು ಉಸಿರಾಡುವುದು ಚರ್ಮದ ಮೂಲಕವೇ. ಆ ಚರ್ಮದಿಂದ ನೀರು ಬೇಗ ಆರಿಹೋಗುವುದರಿಂದ ಒಣಗಾಳಿಯಲ್ಲಿ ಬಹುಕಾಲ ಉಳಿಯಲಾರವು. ಮಣ್ಣು, ತರಗೆಲೆ, ಗೊಬ್ಬರಗುಂಡಿ ಇವುಗಳ ಸಹಜ ನೆಲೆ. ಬೂಷ್ಟು, ಪಾಚಿ, ಕೊಳೆತ ಸೊಪ್ಪುಸದೆ ಆಹಾರ. ಮನೆಯೊಳಗೆ ಇವು ಗುಂಪಾಗಿ ಕಂಡರೆ ಅಲ್ಲೆಲ್ಲೋ ಆರದ ತೇವವೂ ಬೂಷ್ಟೂ ಇವೆ ಎಂದೇ ಲೆಕ್ಕ.

ಪ್ರಶ್ನೆ: ಇವು ಕಚ್ಚುತ್ತವೆಯೇ? ಚಿಗಟದಿಂದ ಬೇರೆಯೆಂದು ಗುರುತಿಸುವುದು ಹೇಗೆ?

ಉತ್ತರ: ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ, ರೋಗ ಹರಡುವುದಿಲ್ಲ. ಬಟ್ಟೆ, ಮರಮುಟ್ಟುಗಳನ್ನೂ ಹಾಳುಮಾಡುವುದಿಲ್ಲ. ಚಿಗಟವಾದರೋ ಕಂದುಬಣ್ಣದ, ಅಕ್ಕಪಕ್ಕದಿಂದ ಒತ್ತಿದಂತೆ ಚಪ್ಪಟೆಯಾದ ಗಟ್ಟಿ ಹುಳು. ಬೆರಳಲ್ಲಿ ಹಿಸುಕಿದರೂ ಸುಲಭಕ್ಕೆ ಸಾಯದು. ಸ್ಪ್ರಿಂಗ್‌ಟೇಲ್ ಮುಟ್ಟಿದರೆ ನುಜ್ಜಾಗುವಷ್ಟು ಮೆದು. ಪಾದ, ಹರಡುಗಳ ಸುತ್ತ ಕಚ್ಚಿದ ಗುರುತುಗಳಿದ್ದು ಮನೆಯಲ್ಲಿ ನಾಯಿ ಬೆಕ್ಕುಗಳಿದ್ದರೆ ಚಿಗಟವನ್ನು ಶಂಕಿಸಬೇಕು. ರಾತ್ರಿ ಹಾಸಿಗೆಯಲ್ಲಿ ಕಡಿತವಾದರೆ ತಿಗಣೆಯನ್ನು. ಅನುಮಾನ ಉಳಿದರೆ ಪಾರದರ್ಶಕ ಟೇಪಿನಲ್ಲಿ ಒಂದೆರಡು ಹುಳುಗಳನ್ನು ಅಂಟಿಸಿ ಭೂತಗನ್ನಡಿಯಲ್ಲಿ ನೋಡಬಹುದು, ತಿಳಿದವರಿಗೆ ತೋರಿಸಬಹುದು.

ಪ್ರಶ್ನೆ: ಮೈಮೇಲೆ ಏನೋ ಹರಿದಂತೆ, ಚರ್ಮದೊಳಗೆ ಹೊಕ್ಕಂತೆ ಅನಿಸುವುದಕ್ಕೆ ಈ ಹುಳು ಕಾರಣವಿರಬಹುದೇ?

ಉತ್ತರ: ಚರ್ಮದೊಳಗೆ ಬದುಕಲು ಬೇಕಾದ ಯಾವ ಅಂಗವೂ ಇದಕ್ಕಿಲ್ಲ. ಆದರೂ ಈ ನಂಬಿಕೆ ಅಂತರಜಾಲದಲ್ಲಿ ಬಲವಾಗಿ ಬೇರೂರಿದೆ. 2004ರಲ್ಲಿ ಅಮೆರಿಕದ ಕೀಟಶಾಸ್ತ್ರ ಪತ್ರಿಕೆಯೊಂದು, ಮೈಮೇಲೆ ಹುಳು ಹರಿಯುತ್ತದೆ ಎಂದು ದೂರುತ್ತಿದ್ದ 20 ಜನರಲ್ಲಿ 18 ಮಂದಿಯ ಚರ್ಮದ ಕೆರೆತದಲ್ಲಿ ಸ್ಪ್ರಿಂಗ್‌ಟೇಲ್ ಕಂಡಿತೆಂಬ ಲೇಖನ ಪ್ರಕಟಿಸಿತು. ಒದಗಿಸಿದ್ದ ಚಿತ್ರಗಳಲ್ಲಿ ಹುಳು ಕಾಣುವುದೇ ಇಲ್ಲ, ನಾರು, ಹೊಟ್ಟುಗಳ ಮಸುಕು ಆಕಾರಗಳನ್ನೇ ಹುಳುವೆಂದು ಓದಿಕೊಳ್ಳಲಾಗಿದೆ ಎಂದು ಇತರ ತಜ್ಞರು ಆಕ್ಷೇಪಿಸಿದರು. ವೈದ್ಯಶಾಸ್ತ್ರ ಆ ವಾದವನ್ನು ಒಪ್ಪಿಲ್ಲ.

ತುರಿಕೆ ಮಾತ್ರ ಸುಳ್ಳಲ್ಲ, ಅದರ ಮೂಲವನ್ನು ಹುಡುಕಲೇಬೇಕು. ಮನೆಮಂದಿಗೆಲ್ಲ ರಾತ್ರಿ ತುರಿಕೆ ಹೆಚ್ಚಾಗಿ, ಬೆರಳ ಸಂದಿಯಲ್ಲಿ ಗುಳ್ಳೆಗಳಿದ್ದರೆ ಅದು ತುರಿಕಜ್ಜಿಯಿರಬಹುದು. ಮಳೆಗಾಲದಲ್ಲಿ ಒದ್ದೆ ಬಟ್ಟೆಯಿಂದ ಉಲ್ಬಣಿಸುವ ಹುಳುಕಡ್ಡಿ, ಚಳಿಗಾಲದ ಒಣಚರ್ಮ, ಥೈರಾಯ್ಡ್, ಮೂತ್ರಪಿಂಡ ಮತ್ತು ಯಕೃತ್ತಿನ ತೊಂದರೆ, ಕೆಲವು ಔಷಧಗಳು ಕೂಡ ತುರಿಕೆ ತರುತ್ತವೆ. ಇವೆಲ್ಲವನ್ನೂ ಪರೀಕ್ಷಿಸಿ ಏನೂ ಸಿಗದೆ, ಹುಳುವಿದೆ ಎಂಬ ನಂಬಿಕೆ ಮಾತ್ರ ಅಲುಗದೆ ಉಳಿದರೆ ಅದು ಸ್ವೀಡನ್ನಿನ ವೈದ್ಯ ಕಾರ್ಲ್ ಆಕ್ಸೆಲ್ ಎಕ್ಬಾಮ್ 1938ರಲ್ಲಿ ವಿವರಿಸಿದ ಸ್ಥಿತಿಯಿರಬಹುದು. ಅಂಥವರು ಬೆಂಕಿಪೊಟ್ಟಣದಲ್ಲಿ ಚರ್ಮದ ಹೊಟ್ಟು, ದಾರದ ಎಳೆಗಳನ್ನು ತುಂಬಿಕೊಂಡು ಬರುವುದು ವೈದ್ಯರಿಗೆ ಪರಿಚಿತ ದೃಶ್ಯ. ‘ಎಲ್ಲ ನಿಮ್ಮ ಭ್ರಮೆ’ ಎಂದು ಗದರುವುದರಿಂದ ಅವರು ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆಯುತ್ತಾರೆಯೇ ಹೊರತು ವಾಸಿಯಾಗುವುದಿಲ್ಲ. ಚರ್ಮರೋಗ ಮತ್ತು ಮನೋರೋಗ ತಜ್ಞರು ಕೂಡಿ ನೋಡಿದರೆ ಔಷಧದಿಂದ ಹತೋಟಿಗೆ ಬರುವ ಕಾಯಿಲೆ ಇದು. ಮೈಗೆ ಸೀಮೆಎಣ್ಣೆ, ಬ್ಲೀಚಿಂಗ್ ಪೌಡರ್, ಜಿರಳೆ ಔಷಧ ಹಚ್ಚಿಕೊಳ್ಳುವುದರಿಂದ ಚರ್ಮ ಸುಟ್ಟು ತುರಿಕೆ ಇಮ್ಮಡಿಯಾಗುತ್ತದೆ.

ಪ್ರಶ್ನೆ: ಹಾಗಾದರೆ ಆರೋಗ್ಯದ ದೃಷ್ಟಿಯಿಂದ ನಿರ್ಲಕ್ಷಿಸಬಹುದೇ?

ಉತ್ತರ: ಹುಳುವನ್ನು ನಿರ್ಲಕ್ಷಿಸಬಹುದು, ಅದನ್ನು ಸಾಕುತ್ತಿರುವ ತೇವವನ್ನಲ್ಲ. ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ಮಕ್ಕಳ ಕೋಣೆಯ ಗೋಡೆ ಜಿನುಗುತ್ತಿದ್ದರೆ ಅದೇ ಮೊದಲು ದುರಸ್ತಿಯಾಗಬೇಕಾದ ಜಾಗ.

ಪ್ರಶ್ನೆ: ನಿಯಂತ್ರಣ ಹೇಗೆ?

ಉತ್ತರ: ಹುಳು ಎಲ್ಲಿ ದಟ್ಟವಾಗಿದೆಯೋ ನೀರಿನ ಮೂಲವೂ ಅಲ್ಲೇ ಹತ್ತಿರದಲ್ಲಿರುತ್ತದೆ: ಸೋರುವ ಪೈಪು, ಟೈಲ್ಸ್ ಸಂದಿನಲ್ಲಿ ಕಿತ್ತುಹೋದ ಗ್ರೌಟ್, ಕಿಟಕಿ ಚೌಕಟ್ಟಿನ ಬಿರುಕು, ಲೋಳೆ ಕಟ್ಟಿದ ಮೋರಿ. ಅದನ್ನು ಸರಿಪಡಿಸಿ, ಲೋಳೆ ಮತ್ತು ಬೂಷ್ಟನ್ನು ಬ್ರಶ್ಶಿನಿಂದ ಉಜ್ಜಿ ತೆಗೆದು, ಎಕ್ಸಾಸ್ಟ್ ಫ್ಯಾನ್ ಅಥವಾ ತೆರೆದ ಕಿಟಕಿಯಿಂದ ಗಾಳಿಯಾಡಿಸಿದರೆ ಸಂಖ್ಯೆ ತಾನಾಗಿ ಕುಸಿಯುತ್ತದೆ. ಒಳಗಿನ ಗಾಳಿಯ ತೇವಾಂಶ ಶೇ. 50ಕ್ಕಿಂತ ಕೆಳಗಿಳಿದರೆ ಇವಕ್ಕೆ ಉಳಿಗಾಲವಿಲ್ಲ. ಆದರೆ ಆಷಾಢದ ಮಲೆನಾಡು, ಕರಾವಳಿಗಳಲ್ಲಿ ಅದು ಬರೀ ಕಿಟಕಿ ತೆರೆದು ಸಾಧಿಸುವ ಮಾತಲ್ಲ; ಅಲ್ಲಿ ಸೋರಿಕೆ ನಿಲ್ಲಿಸುವುದು, ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಒಣಹಾಕದಿರುವುದು ಹೆಚ್ಚು ಫಲ ಕೊಡುತ್ತದೆ. ಹೊಸದಾಗಿ ಕಟ್ಟಿದ ಮನೆಯಲ್ಲಿ ಗೋಡೆಯ ಹಸಿ ಪೂರ್ತಿ ಆರುವವರೆಗೆ ಇವು ಕಂಡುಬರುವುದು ಸಾಮಾನ್ಯ. ಹಸಿ ಆರಿದ ಮೇಲೆ ಕಾಣೆಯಾಗುತ್ತವೆ. ಕಂಡ ಹುಳುಗಳನ್ನು ಸೋಪುನೀರಿನ ಬಟ್ಟೆಯಿಂದ ಒರೆಸಿದರೆ ಸಾಕು.

ಕುಂಡಗಳಲ್ಲಿ ಕೊಕೊಪೀಟ್ ನೀರನ್ನು ಬಹಳ ಹಿಡಿದಿಡುತ್ತದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರುಣಿಸಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಬೇಕು. ಮನೆಗೋಡೆಗೆ ತಾಗಿಕೊಂಡ ದರಗು, ಸೌದೆರಾಶಿ, ಕೊಳೆಯುವ ಕಸವನ್ನು ದೂರ ಸರಿಸಬೇಕು. ರಾತ್ರಿ ಬೆಳಕಿಗೆ ಬಂದು ಬಾಗಿಲಡಿಯಿಂದ ನುಸುಳುವುದೂ ಉಂಟು. ಸಂದಿಗೆ ರಬ್ಬರ್ ಪಟ್ಟಿ ಹಾಕಬಹುದು. ತೋಟದ ಮಣ್ಣಿನಲ್ಲಿರುವವನ್ನು ಕೊಲ್ಲುವುದು ಅನಗತ್ಯ. ಅಲ್ಲಿ ಅವು ಕಸ ಕೊಳೆತು ಗೊಬ್ಬರವಾಗಲು ನೆರವಾಗುತ್ತವೆ.

ಪ್ರಶ್ನೆ: ಕೀಟನಾಶಕ ಸಿಂಪಡಿಸಬಹುದೇ?

ಉತ್ತರ: ಸಿಂಪಡಿಸಿದ ದಿನ ಹುಳು ಸಾಯುತ್ತದೆ; ತೇವ ಉಳಿದಿದ್ದರೆ ವಾರದೊಳಗೆ ಮತ್ತೆ ಹಾಜರು. ಪೈರಿಥ್ರಾಯ್ಡ್ ಸ್ಪ್ರೇಗಳಿಂದ ಚರ್ಮ ಚುರುಗುಟ್ಟುವುದು, ಕೆಮ್ಮು, ಆಸ್ತಮಾ ಇರುವವರಲ್ಲಿ ಉಬ್ಬಸ ಕಾಣಿಸಬಹುದು. ಕಚ್ಚದ ಹುಳುವಿಗಾಗಿ ಮಗು ಅಂಬೆಗಾಲಿಡುವ ನೆಲಕ್ಕೆ ವಿಷ ಹರಡುವುದು ಸರಿಯಾದ ವ್ಯಾಪಾರವಲ್ಲ. ಮೋರಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಅದರ ಮೇಲೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಸುರಿಯುವುದಂತೂ ಅಪಾಯ: ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಹಾಗಾದಾಗ ಎಲ್ಲರೂ ಕೂಡಲೇ ಹೊರಗೆ ಬಂದು, ಉರಿಯುವ ಕಣ್ಣನ್ನು ನೀರಿನಿಂದ ತೊಳೆದು, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.